ಬಸ್ಸಿನ ಮೇಲೆ ಕಣ್ಣಿಟ್ಟ ತೀರ್ಥಪ್ಪ

ಅಜ್ಜಂಪುರದ ಈರುಳ್ಳಿ ವ್ಯಾಪಾರಿ ತೀರ್ಥಪ್ಪನವರು ಸರ್ಕಾರದ ಸವಿಮಾತನ್ನು ನಂಬುವವರೇ ಅಲ್ಲ. ಎಮರ್ಜೆನ್ಸಿಯಲ್ಲಿ ಆರೋಗ್ಯ ತಪಾಸಣೆ ಎಂದು ಜೀಪು ಹತ್ತಿಸಿಕೊಂಡು ಹೋದವರು ಅವರ ತಮ್ಮನಿಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿ ಕಳಿಸಿದ್ದರು.

ಅದಾಗಿ ಕೆಲವು ವರ್ಷಕ್ಕೆ, ಹೋಟೆಲಿನಲ್ಲಿ ಷಣ್ಮುಖಪ್ಪ ಮೇಷ್ಟ್ರು ಪೇಪರು ಓದಿ ಹೇಳಿದರು: "ಕೆನಡಾದಲ್ಲಿ ಜನ ದಿನಾ ನಡೀಬೇಕು, ಆರೋಗ್ಯಕ್ಕೆ ಒಳ್ಳೇದು ಅಂತ ಸರ್ಕಾರವೇ ಪ್ರಚಾರ ಮಾಡ್ತೈತಂತೆ ಕಣ್ರೀ."

ತೀರ್ಥಪ್ಪನವರು ಕಾಫಿ ಲೋಟ ಕುಕ್ಕಿದರು. "ನಡೀರಿ ಅಂತ ಯಾಕ್ ಹೇಳ್ತಾರೆ ಮೇಷ್ಟ್ರೇ? ಬಸ್ಸು ನಿಲ್ಸೋಕೆ! ಇವತ್ತು ಅಲ್ಲಿ, ನಾಳೆ ಇಲ್ಲಿ."

ಮಾರನೇ ದಿನದಿಂದಲೇ ಕಾವಲು ಶುರುವಾಯಿತು. ಗಾಡಿ ಕಟ್ಟಿಸದೆ ಮನೆಯಿಂದ ಕದಲದಿದ್ದವರು, ಬಿತ್ತನೆಯಲ್ಲಿ ಎತ್ತಿಗೆ ಬಿಡುವಿಲ್ಲವೆಂದು, ಊರಾಚೆಯ ಮನೆಯಿಂದ ಬೆಳಗ್ಗೆ ಸಂಜೆ ಬಸ್ ಸ್ಟ್ಯಾಂಡಿಗೆ ನಡೆದೇ ಬರತೊಡಗಿದರು. ಬೀರೂರು ಬಸ್ಸನ್ನೂ ತರೀಕೆರೆ ಬಸ್ಸನ್ನೂ ಕಣ್ಣಾರೆ ಕಂಡ ಮೇಲೆಯೇ ವಾಪಸು. ಬಸ್ಸು ತಡವಾದರಂತೂ ಕಂಡಕ್ಟರನ ಗ್ರಹಚಾರ ಬಿಡಿಸುತ್ತಿದ್ದರು.

ದೀಪಾವಳಿ ಹೊತ್ತಿಗೆ ಹೊಟ್ಟೆ ಕರಗಿ, ಏದುಸಿರು ನಿಂತಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬೆನ್ನು ತಟ್ಟಿದರು. "ದಿನಾ ನಡೀತಿದ್ದೀರಂತೆ. ಬಹಳ ಒಳ್ಳೇದು, ಬಿಡಬೇಡಿ."

ತೀರ್ಥಪ್ಪನವರು ಹುಬ್ಬು ಗಂಟಿಕ್ಕಿದರು.

"ನಿಮ್ಗೂ ಬಂತೇನ್ರೀ ಆರ್ಡ್ರು?"