ಹೆಸರು ಕೂಗದ ಬಾಲಮ್ಮ

ಬೆಳಗಿನ ಆರು ಗಂಟೆ. ಜೋಗುಪಾಳ್ಯದ ಗಲ್ಲಿಯೊಂದರ ಮಹಿಳಾ ಕ್ಲಿನಿಕ್ಕಿನಲ್ಲಿ ಆಯಾ ಬಾಲಮ್ಮ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದಾರೆ. ಬಾಗಿಲು ತೆರೆಯುವುದು ಎಂಟಕ್ಕೆ. ಆದರೂ ಮೆಟ್ಟಿಲ ಮೇಲೆ ಆಗಲೇ ಒಬ್ಬಾಕೆ ಮುಖಕ್ಕೆ ಸೆರಗೆಳೆದು ಕೂತಿದ್ದಾಳೆ. ಬಾಲಮ್ಮ ಏನೂ ಕೇಳುವುದಿಲ್ಲ. ಒಳಗೆ ಕರೆದು ಫ್ಯಾನ್ ಹಾಕಿ ಕೂರಿಸುತ್ತಾರೆ.

ಇಲ್ಲಿಗೆ ದಿನಕ್ಕೆ ಮೂವತ್ತು ಹೆಂಗಸರು ಬರುತ್ತಾರೆ, ಅವರಲ್ಲಿ ನಾಲ್ಕೈದು ಮಂದಿ ಗರ್ಭಪಾತಕ್ಕೆ. ಸರದಿ ಬಂದರೆ ಹೆಸರು ಕೂಗುವ ಪದ್ಧತಿ ಇಲ್ಲಿಲ್ಲ. ಬಾಲಮ್ಮ ಹತ್ತಿರ ಹೋಗಿ ಭುಜ ಮುಟ್ಟುತ್ತಾರೆ, ಅಷ್ಟೇ. ಇದು ಅವರೇ ಮಾಡಿದ ಕಾಯಿದೆ. "ಹೊಸದರಾಗ ಒಂದ್ಸಲ ಒಬ್ಬಾಕಿ ಹೆಸರು ಜೋರಾಗಿ ಕೂಗ್ಬಿಟ್ಟೆ. ಆಕಿ ನಾದಿನಿ ಪಕ್ಕದ ಬೆಂಚಲ್ಲೇ ಕೂತಿದ್ಲು. ಆಕಿ ಎದ್ದು ಹೋದಾಕಿ ತಿರುಗಿ ಬರ್ಲೇ ಇಲ್ರಿ," ಎನ್ನುವಾಗ ಈಗಲೂ ಅವರ ದನಿ ಇಳಿಯುತ್ತದೆ.

ಯಾದಗಿರಿ ಕಡೆಯ ಬಾಲಮ್ಮ ಗಂಡ ಅಂಬಣ್ಣನ ಜೊತೆ ಕಟ್ಟಡ ಕೆಲಸಕ್ಕೆಂದು ಬಂದವರು. ಒಂದೇ ಬಾಡಿಗೆ ಕೋಣೆಯಲ್ಲಿ ಇಬ್ಬರು ಮಕ್ಕಳನ್ನು ಬೆಳೆಸಿದ್ದಾರೆ. ಹದಿನಾರು ವರ್ಷದಿಂದ ಇಲ್ಲಿ ಆಯಾ. ಮಂಡಿ ನೋವು ಬಿಡದು, ರಜೆಯೆಂದರೆ ಮಾತ್ರ ಇವರಿಗೆ ಅಲರ್ಜಿ.

ಈಗ ಕ್ಲಿನಿಕ್ಕಿನ ಸರ್ಕಾರಿ ಅನುದಾನಕ್ಕೆ ಕತ್ತರಿ ಹಾಕುವ ಮಾತು ನಡೆದಿದೆ. ಹಾಗಾದರೆ ಈಗ ದಿನಾ ಬರುವ ಡಾಕ್ಟರ್ ರಂಜನಾ ವಾರಕ್ಕೆ ಒಂದೇ ದಿನ ಬರಬಹುದು. "ಬಸಿರು ಡಾಕ್ಟರ್ ಬರೋ ದಿನ ಕಾಯ್ತದೇನ್ರಿ? ತಡ ಆದ್ರ ಸಿಕ್ಕಿದ್ ಮಾತ್ರೆ ನುಂಗಿ ಸಾಯೂದಕ್ಕ ಬರ್ತಾರ," ಎಂದು ಬಾಲಮ್ಮ ರೇಗುತ್ತಾರೆ.

ಕಳೆದ ತಿಂಗಳು ಹಲಸೂರಿನಲ್ಲಿ ಈ ಬಗ್ಗೆ ಸಭೆ ನಡೆಯಿತು. ಪತ್ರಿಕೆಯ ವರದಿಗೆಂದು ನಾನೂ ಹೋಗಿದ್ದೆ. ಕಾರ್ಖಾನೆಯಿಂದ ನಿವೃತ್ತರಾದ ವೆಂಕಟಾಚಲ ಎದ್ದು ನಿಂತರು. "ದೊಡ್ಡಾಸ್ಪತ್ರೆ ಹತ್ರಾನೇ ಇದೆ, ಇದಕ್ಕೆ ಬೇರೆ ಯಾಕ್ರೀ ದುಡ್ಡು? ಇದ್ರಿಂದ ಉಪಯೋಗ ಆದವ್ರನ್ನ ಒಬ್ಬರನ್ನಾದ್ರೂ ತೋರಿಸಿ, ಒಪ್ಕೋತೀನಿ."

ಅವರು ಕೇಳಿದ್ದರಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ. ಆದರೆ ಯಾರನ್ನು ತೋರಿಸುವುದು? ಹೆಸರು ಹೇಳಲು ಕಾನೂನೂ ಬಿಡುವುದಿಲ್ಲ ಎಂದರು ಡಾಕ್ಟರ್ ರಂಜನಾ. ಹಿಂದಿನ ಸಾಲಿನಲ್ಲಿ, ಕ್ಲಿನಿಕ್ಕಿಗೆ ಗರ್ಭಪಾತಕ್ಕೆ ಬಂದು ಹೋಗಿದ್ದ ಮೂವರು ತಲೆ ತಗ್ಗಿಸಿ ಕೂತಿದ್ದರು ಎಂದು ಬಾಲಮ್ಮ ಆಮೇಲೆ ನನಗೆ ಹೇಳಿದರು. ಯಾರೆಂದು ಹೇಳಲಿಲ್ಲ. ಆ ಹೊತ್ತಿನಲ್ಲಿ ಅವರು ಆ ಕಡೆ ತಿರುಗಿಯೂ ನೋಡದೆ ನೇರ ಮೈಕಿನ ಹತ್ತಿರ ಹೋದರು.

"ನನ್ನ ನೋಡ್ರಿ ಸರ್. ಎಂಟು ತಿಂಗಳ ಕೂಸು ಕಂಕುಳಾಗ ಇತ್ತು, ಮತ್ತ ಬಸಿರಾದೆ. ಮೈಯಾಗ ರಕ್ತ ಇರ್ಲಿಲ್ಲ. ಈ ಕ್ಲಿನಿಕ್ಕಿನಾಗ ತೆಗೆಸ್ಕೊಂಡೆ. ಅದಕ್ಕ ಇವತ್ತು ನಿಮ್ಮ ಮುಂದ ನಿಂತೀನಿ."

ವೆಂಕಟಾಚಲ ಕೂತುಬಿಟ್ಟರು.

ಅನುದಾನದ ತೀರ್ಮಾನ ಇನ್ನೂ ಆಗಿಲ್ಲ. ವಠಾರದಲ್ಲಿ ಮಾತ್ರ ಇಬ್ಬರು ಬಾಲಮ್ಮನ ಜೊತೆ ಮಾತು ಬಿಟ್ಟಿದ್ದಾರೆ. ಪತ್ರಿಕೆಯಲ್ಲಿ ಹೆಸರು ಬದಲಿಸಲೇ ಎಂದು ಕೇಳುತ್ತೇನೆ.

"ಬ್ಯಾಡ್ರಿ, ನಂದೇ ಹಾಕ್ರಿ," ಎನ್ನುತ್ತಾರೆ. "ಒಬ್ಬಾಕಿ ಸಿಕ್ಕಳಲ್ಲ, ಉಳಿದವ್ರನ್ನ ಇನ್ನ ಯಾರೂ ಹುಡುಕೂದು ಬ್ಯಾಡ."