ಅಪ್ಪನ ಪಾಳಿ

ಆಕ್ಯುಪೇಶನಲ್ ಸೈನ್ಸ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ ಎಂದಾಗ ನಮ್ಮೂರಲ್ಲಿ ಯಾರಿಗೂ ಅದರ ತಲೆಬುಡ ತಿಳಿಯಲಿಲ್ಲ. ಮನುಷ್ಯ ದಿನವೂ ಮಾಡುವ ಕೆಲಸಗಳು ಅವನನ್ನು ಹೇಗೆ ಹಿಡಿದಿಟ್ಟಿರುತ್ತವೆ, ಆ ಕೆಲಸ ಕೈಬಿಟ್ಟರೆ ಅವನಿಗೆ ಏನಾಗುತ್ತದೆ ಎಂದು ನೋಡುವ ಶಾಸ್ತ್ರ ಅದು. ಪಕ್ಕದ ಮನೆಯ ಅಜ್ಜಿ ಅದನ್ನು ಓಣಿಗೆಲ್ಲ ತನ್ನದೇ ರೀತಿಯಲ್ಲಿ ಸಾರಿದ್ದಳು.

"ಡಾಕ್ಟರ್ ಆಗತಾಳಂತ. ಗುಳಗಿ ಕೊಡಾಂಗಿಲ್ಲಂತ, ಸೂಜಿ ಚುಚ್ಚಾಂಗಿಲ್ಲಂತ. ದಿನಾ ಏನ ಮಾಡತೀರಿ ಅಂತ ಕೇಳಿ ಬರಕೊಂಡು ಹೋಗತಾಳಂತ!"

ಅಜ್ಜಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಬೈಲಹೊಂಗಲದ ಒಂದು ಆಸ್ಪತ್ರೆಯಲ್ಲಿ ಲಕ್ವ ಹೊಡೆದವರಿಗೆ ಗುಂಡಿ ಹಾಕಿಕೊಳ್ಳಲು, ಚಹಾದ ಕಪ್ಪು ಹಿಡಿಯಲು ಮತ್ತೆ ಕಲಿಸುವವಳು. ಸಂಶೋಧನೆಗೆ ಆರಿಸಿಕೊಂಡದ್ದು ಕೈ ನಡುಗುವ ಹಿರಿಯರ ದಿನಚರಿ. ರಜೆ ಸಿಕ್ಕಾಗ ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ, ಅಲ್ಲಿಂದ ಸುರೇಬಾನಕ್ಕೆ ಹೋಗಿ ಜನರ ಜೊತೆ ಕೂತು ಮಾತಾಡುತ್ತಿದ್ದೆ. ಮಾತಿಗಿಂತ ಮೊದಲು ಚಹಾ ಬರುತ್ತಿತ್ತು. ನಡುಗುವ ಕೈಯಿಂದ ಬರುತ್ತಿರಲಿಲ್ಲ, ಸೊಸೆಯ ಕೈಯಿಂದ ಬರುತ್ತಿತ್ತು.

"ಏನ ಮಾಡೂದೈತ್ರಿ ಅಕ್ಕಾರ," ಎಂದಿದ್ದಳು ಸುರೇಬಾನದ ಒಬ್ಬ ಮುದುಕಿ. "ಸೊಸಿ ಭಾಳ ಚೊಲೊ ಅದಾಳ್ರಿ. ರೊಟ್ಟಿ ಬಡಿಯಾಕ ಬಿಡೂದಿಲ್ಲ, ಕಸಾ ಹೊಡಿಯಾಕ ಬಿಡೂದಿಲ್ಲ. ಸುಮ್ಮ ಕುಂಡರಬೇ ಅಂತಾಳ. ಕುಂತೇನಿ." ಹಾಗೆಂದು ಸೆರಗಿನೊಳಗೆ ಕೈ ಮುಚ್ಚಿಕೊಂಡಳು. ಬೈಲಹೊಂಗಲದಲ್ಲಿ ನಾನು ಮಾತಾಡಿಸಿದ ಒಬ್ಬ ದರ್ಜಿಗೆ ಅವನ ಮಗ ಹೇಳಿದ್ದೂ ಅದನ್ನೇ, ಸುಮ್ಮನೆ ಕೂಡು ಎಂದು. ಎಲ್ಲ ಮನೆಗಳಲ್ಲೂ ಪ್ರೀತಿ ಇತ್ತು. ಆ ಪ್ರೀತಿಯೇ ಅವರನ್ನು ಮೂಲೆಗೆ ಕೂರಿಸಿತ್ತು. ನನಗೆ ಸಿಟ್ಟು ಬೇಗ. ಬಸ್ಸಿನಲ್ಲಿ ಹಿಂತಿರುಗುವಾಗ ಆ ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ಒದ್ದಾಡುತ್ತಿದ್ದೆ.

ಅಷ್ಟರಲ್ಲಿ ಅದೇ ಮಾತು ನಮ್ಮ ಮನೆಗೂ ಬಂತು.

ಕಿತ್ತೂರಿನಿಂದ ದೇಗಾಂವದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿನ ಹನುಮಪ್ಪನ ಗುಡಿಯ ಪೂಜೆ ನಮ್ಮ ಅಪ್ಪನಿಗೂ ಅವನ ತಮ್ಮನಿಗೂ, ಅಂದರೆ ನಮ್ಮ ಕಾಕಾನಿಗೂ, ಪಾಳಿಯ ಮೇಲೆ ಬರುತ್ತದೆ. ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಒಬ್ಬರದು, ಆಮೇಲೆ ಇನ್ನೊಬ್ಬರದು. ಆ ವರ್ಷ ಅಪ್ಪನ ಪಾಳಿ. ಮೊದಮೊದಲು ಬರೀ ಚಹಾದ ಕಪ್ಪು-ಬಸಿಯಲ್ಲಿ ಸಪ್ಪಳ ಮಾಡುತ್ತಿದ್ದ ಅಪ್ಪನ ಕೈ ನಡುಕ ಮಳೆಗಾಲದ ಹೊತ್ತಿಗೆ ಗುಡಿಯವರೆಗೂ ಬಂದಿತ್ತು. ಔಷಧದಿಂದ ಹೆಚ್ಚೇನೂ ಗುಣ ಕಾಣಲಿಲ್ಲ. ಒಂದು ಶನಿವಾರ ಜನ ತುಂಬಿದ್ದಾಗ ಆರತಿಯ ತಟ್ಟೆ ಕೈಯಿಂದ ಜಾರಿ ಬಿತ್ತು. ಎಣ್ಣೆ ಚೆಲ್ಲಿತು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದನೇನೋ.

ಸಂಜೆ ಕಾಕಾ ಬಂದು ಅಪ್ಪನ ಪಕ್ಕ ಕೂತ. "ಅಣ್ಣಾ, ಉಳದದ್ದು ನಾ ಮಾಡತೇನಿ. ಪಾಳಿ ನಿಂದs ಇರಲಿ. ನೀ ಸುಮ್ಮನ ಕೂಡು."

"ಆತು," ಎಂದ ಅಪ್ಪ.

ಮರುದಿನವೂ ಅವನು ನಸುಕಿಗೇ ಎದ್ದು, ಮಿಂದು, ಮಡಿಯುಟ್ಟು ಬಂದ. ಬಂದು ಪಡಸಾಲೆಯಲ್ಲಿ ಕೂತ. ಬಿಸಿಲು ಬರುವತನಕ ಹಾಗೇ ಕೂತಿದ್ದ. ದಿನವೂ ಪಂಚಾಂಗ ತೆರೆದು, ಯಾರು ಕೇಳಲಿ ಬಿಡಲಿ, ಇವತ್ತು ಇಂಥ ತಿಥಿ ಎಂದು ಗಟ್ಟಿಯಾಗಿ ಹೇಳುವುದು ಅವನ ರೂಢಿ. ಅದು ನಿಂತಿತು. ಅವ್ವ ತಾನಾಗಿ ಕೇಳಿದರೆ, "ಯಾವುದಿದ್ದರೇನು?" ಎನ್ನುತ್ತಿದ್ದ. ನನ್ನ ಶಾಸ್ತ್ರ ಹೇಳುವುದೆಲ್ಲ ನನ್ನ ಕಣ್ಣೆದುರೇ ನಡೆಯುತ್ತಿತ್ತು. ನನಗೆ ಹೆದರಿಕೆಯಾಯಿತು. ಅಪ್ಪ ಬದುಕಿರುವಾಗಲೇ ಕರಗಿಹೋಗುತ್ತಾನೆ ಎನಿಸಿತು.

ಅಪ್ಪನನ್ನೂ ಅಧ್ಯಯನಕ್ಕೆ ಸೇರಿಸಿಕೊಳ್ಳಲೇ ಎಂದು ಗೈಡ್‌ಗೆ ಫೋನು ಮಾಡಿದೆ. ಸ್ವಂತ ಮನೆಯವರನ್ನು ಸೇರಿಸುವಂತಿಲ್ಲ, ನಿಯಮ ಬಿಗಿಯಾಗಿದೆ ಎಂದರು. ಆಮೇಲೆ, "ಮಗಳಾಗಿಯಂತೂ ನೋಡಬಹುದಲ್ಲ," ಎಂದರು.

ನೋಡಿದೆ. ಕೈ ಚಾಚಿದಾಗ ನಡುಕ ಹೆಚ್ಚು, ಮೊಣಕೈಗೆ ಆಸರೆ ಸಿಕ್ಕರೆ ಕಡಿಮೆ. ಆಸ್ಪತ್ರೆಯಲ್ಲಿ ನಾವು ಮೊಣಕೈಯನ್ನು ಮೇಜಿನ ಮೇಲೆ ಊರಿಸುತ್ತೇವೆ. ಅದನ್ನೇ ಅಪ್ಪನಿಗೆ ಹೇಳಿದೆ.

"ಅಲ್ಲವ್ವಾ, ಹನುಮಪ್ಪಗ ಟೇಬಲ್ ಹಾಕಿ ಆರತಿ ಮಾಡಂತೀಯೇನು? ಬಾಜೂಕ ಖುರ್ಚಿನೂ ಹಾಕು, ಅವನೂ ಕೂಡಲಿ."

ಎಷ್ಟೋ ವಾರಗಳ ಮೇಲೆ ಅವನು ಆಡಿದ ಚಾಷ್ಟಿಯ ಮಾತು ಅದು. ನಕ್ಕೆ. ಆದರೆ ದಾರಿ ಸಿಗಲಿಲ್ಲ.

ದಾರಿ ಸಿಕ್ಕಿದ್ದು ಕಾಕಾನ ಹೊಸ ಮನೆಯ ವಾಸ್ತುಶಾಂತಿಯ ದಿನ. ಹೋಮದ ಕೊನೆಗೆ ಪೂರ್ಣಾಹುತಿ. ಮನೆಯ ಹಿರಿಯನೆಂದು ಕಾಕಾ ಉದ್ದನೆಯ ಕಟ್ಟಿಗೆಯ ಸೌಟನ್ನು ಅಪ್ಪನ ಕೈಗೇ ಕೊಟ್ಟ. ನಮ್ಮಲ್ಲಿ ಪೂರ್ಣಾಹುತಿ ಹಾಕುವವನನ್ನು ಮನೆಯವರೆಲ್ಲ ಮುಟ್ಟಿಕೊಂಡು ನಿಲ್ಲುತ್ತಾರೆ. ಮಾಡುವವನು ಒಬ್ಬನಾದರೂ ಮಾಡಿದ್ದು ಎಲ್ಲರಿಗೂ ಸಲ್ಲುತ್ತದೆ. ಕಾಕಾ ಅಪ್ಪನ ಮೊಣಕೈಗೆ ಕೈ ಹಚ್ಚಿದ. ಕಾಕಾನಿಗೆ ಅವನ ಹೆಂಡತಿ ಕಾಕು, ಅವಳಿಗೆ ಅವ್ವ, ಅವ್ವನಿಗೆ ನಾನು. ಸೌಟು ಒಮ್ಮೆ ಅಲುಗಿ ನಿಂತಿತು. ತುಪ್ಪ ನೇರವಾಗಿ ಬೆಂಕಿಗೆ ಬಿತ್ತು.

ಊಟದೆಲೆ ಎತ್ತುವ ಮೊದಲೇ ಕಾಕಾನನ್ನು ಹಿತ್ತಲಿಗೆ ಕರೆದೆ. "ಕಾಕಾ, ಗುಡಿಯೊಳಗೂ ಹಿಂಗs ಕೈ ಹಚ್ಚಿ ನಿಂದರಲಿಕ್ಕೆ ಆಗೂದಿಲ್ಲೇನು?"

"ಹೋಮದ ಮಾತು ಬ್ಯಾರೆ," ಎಂದ ಕಾಕಾ. "ದಿನಾ ಮಂದಿ ಮುಂದ ಹಂಗ ಹಿಡಕೊಂಡು ನಿಂತರ ಅಣ್ಣಗ ಅವಮಾನ ಅನಸೂದಿಲ್ಲೇನು?"

"ಪಡಸಾಲ್ಯಾಗ ಕೂತರ ಏನನಸತದ, ನೋಡಿದಿಯೇನು?"

ಧ್ವನಿ ಏರಿತ್ತು. ಕಾಕಾ ಕೈ ತೊಳೆದುಕೊಂಡು ಹೋದ. ಆದರೆ ಮರುದಿನ ನಸುಕಿಗೆ ನಮ್ಮ ಬಾಗಿಲಲ್ಲಿ ನಿಂತಿದ್ದ. "ಅಣ್ಣಾ, ನಡಿ. ಆರತಿ ನೀ ಮಾಡು, ನಾ ಕೈ ಹಚ್ಚತೇನಿ. ನನಗೂ ಒಂದಿಷ್ಟು ಪುಣ್ಯಾ ಬರಲಿ." ಅಪ್ಪ ಎದ್ದು ಗುಡಿಗೆ ನಡೆದ. ತಟ್ಟೆ ಪೂರ್ತಿ ನಿಶ್ಚಲವಾಗಲಿಲ್ಲ, ಆದರೆ ಬೀಳಲಿಲ್ಲ. ಜನರಿಗೆ ಅಣ್ಣತಮ್ಮಂದಿರು ಕೂಡಿ ಪೂಜೆ ಮಾಡುವುದು ಕಂಡಿತೇ ಹೊರತು ಬೇರೇನೂ ಕಾಣಲಿಲ್ಲ. ಒಂದು ವಾರದ ಮೇಲೆ ನಾನು ಬೈಲಹೊಂಗಲಕ್ಕೆ ಹೊರಟಾಗ ಪಡಸಾಲೆಯಿಂದ ಅಪ್ಪ ಕೂಗಿದ: "ಇವತ್ತ ಏಕಾದಶಿ. ಅಲ್ಲಿ ಹಾಳಮೂಳ ತಿನಬ್ಯಾಡ."

ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತೆ.

ಥೀಸಿಸ್ ಈಗ ಕೊನೆಯ ಹಂತದಲ್ಲಿದೆ. ಸುರೇಬಾನದ ಮುದುಕಿ ಅದರಲ್ಲಿದ್ದಾಳೆ, ದರ್ಜಿ ಇದ್ದಾನೆ. ಅಪ್ಪ ಇಲ್ಲ.

ಈ ಯುಗಾದಿಗೆ ಅವನ ಪಾಳಿ ಮುಗಿಯಿತು. ಹಬ್ಬದ ದಿನ ಅಪ್ಪ ಮಿಂದು ಮತ್ತೆ ಪಡಸಾಲೆಯಲ್ಲಿ ಕೂತ. ಆಗ ಕಾಕಾ ಬಂದ.

"ಯಾಕ ಕೂತೀ? ನಡಿ."

"ಇನ್ನ ನಿನ್ನ ಪಾಳಿ ಅಲ್ಲೇನೋ," ಎಂದ ಅಪ್ಪ. "ಪಾಳಿ ಅಂದರ ಪಾಳಿ. ಆರತಿ ನಿಂದು."

"ಹೌದು, ಆರತಿ ನಂದು. ನನಗೆ ಕೈ ಹಚ್ಚಾವರು ಯಾರು?"

ನಾನೂ ಹಿಂದೆಯೇ ಹೋಗಿ ಗುಡಿಯ ಹೊಸ್ತಿಲ ಹೊರಗೆ ನಿಂತೆ. ಕಾಕಾ ತಟ್ಟೆ ಎತ್ತಿದ. ಅಪ್ಪ ಮುಂದೆ ಸರಿದು ತಮ್ಮನ ಮೊಣಕೈಗೆ ಕೈ ಹಚ್ಚಿದ. ಕಾಕಾನ ಗಟ್ಟಿಮುಟ್ಟಾದ ಕೈಯಲ್ಲೂ ಆರತಿ ನಡುಗತೊಡಗಿತು. ಕಾಕಾ ಕೈ ಹಿಂದಕ್ಕೆಳೆಯಲಿಲ್ಲ. ಹಾಗೇ ನಡುಗುವ ಆರತಿಯನ್ನೇ ಹನುಮಪ್ಪನಿಗೆ ಪೂರ್ತಿಯಾಗಿ ಬೆಳಗಿದ.