ಒಂದು ಬಟ್ಟೆಗೆ ಒಂದೇ ಸಲ

ಇವತ್ತೂ ಮಾರ್ಸಲಿ ಕೇಳಿದರೆ ಏನು ಹೇಳಲಿ? ಈ ಚಿಂತೆಯನ್ನು ಎಫಿ ಯಾರ ಬಳಿಯೂ ಆಡಿದವಳಲ್ಲ. ಬೆಳಗಿನ ಜಾವ ಹ್ಯಾರಿಸ್ ದ್ವೀಪದ ಟಾರ್ಬರ್ಟಿನ ವೃದ್ಧಾಶ್ರಮದ ಹಿಂಬಾಗಿಲ ಬೀಗ ತೆಗೆಯುವಾಗ ತನಗೆ ತಾನೇ ಹೇಳಿಕೊಳ್ಳುತ್ತಾಳೆ, ಒಗೆಯುವ ಕೋಣೆಯ ದೀಪ ಹಾಕಿದ ಕೂಡಲೇ ನುಂಗಿಕೊಳ್ಳುತ್ತಾಳೆ. ಹೊರಗೆ ಬಂದರಿನಲ್ಲಿ ಹಡಗಿನ ದೀಪಗಳು ಇನ್ನೂ ಆರಿಲ್ಲ. ಒಳಗೆ ರಾತ್ರಿಯ ಹಾಸಿಗೆಬಟ್ಟೆಗಳ ಗುಡ್ಡ ಬಿದ್ದಿದೆ. ಅದರ ವಾಸನೆ ಅವಳಿಗೆ ಎಂದೋ ಅಭ್ಯಾಸವಾಗಿಹೋಗಿದೆ. ತೋಳು ಮಡಿಚಿ, ಒಂದೊಂದೇ ಹಾಸು ಎತ್ತಿ, ಮೂಲೆ ಹುಡುಕಿ ಯಂತ್ರಕ್ಕೆ ತುಂಬುತ್ತಾಳೆ. ಕೈಗೆ ತಕ್ಕ ಹಾಗೆ ಗಂಟಲು ತಾನಾಗಿಯೇ ಗುನುಗುತ್ತದೆ.

"ಅದು ಚೆನ್ನಾಗಿತ್ತಲ್ಲೇ, ಇನ್ನೊಂದ್ಸಲ ಹಾಡು," ಎನ್ನುತ್ತಾಳೆ ಇಸ್ತ್ರಿ ಹಾಕುವ ಡೊಲೀನಾ. ಅವಳು ಎಫಿಗಿಂತ ಎಷ್ಟೋ ಚಿಕ್ಕವಳು. ಬಾಯಲ್ಲಿ ಸದಾ ಬಿಸ್ಕತ್ತು.

"ಈ ಹಾಸು ಯಾರದು?"

"ಮರ್ಡೋ ಅಜ್ಜಂದು."

"ಹಾಗಾದ್ರೆ ಆಗಲ್ಲ. ಪಾಪ, ಇನ್ನೆರಡು ವರ್ಷ ಬದುಕ್ಲಿ."

"ಬದುಕಿ ಯಾರ ಪ್ರಾಣ ತಿನ್ನೋಕೆ? ನಿನ್ನೆ ನನ್ನ ಮೇಲೆ ಗಂಜಿ ಬಟ್ಟಲು ಎಸೆದ ಮಾರಾಯ್ತಿ!"

ಇಬ್ಬರೂ ನಗುತ್ತಾರೆ. ಆದರೆ ಎಫಿ ಹಾಡುವುದಿಲ್ಲ. ಒಂದು ಬಟ್ಟೆಯ ಮೇಲೆ ಒಂದು ಹಾಡನ್ನು ಎರಡು ಸಲ ಹಾಡಿದರೆ ಆ ಬಟ್ಟೆ ತೊಟ್ಟವನಿಗೆ ಕೇಡು. ಹ್ಯಾರಿಸ್ಸಿನಲ್ಲಿ ಹೆಂಗಸರು ಹಲಗೆಯ ಸುತ್ತ ಕೂತು, ಹಸಿ ಉಣ್ಣೆ ಬಟ್ಟೆಯನ್ನು ಹಾಡಿನ ತಾಳಕ್ಕೆ ಬಡಿದು ಬಡಿದು ಬಿಗಿಮಾಡುತ್ತಿದ್ದ ಕಾಲದ ಮಾತು ಅದು. ಈಗ ಆ ಕೆಲಸ ಕಾರ್ಖಾನೆಯಲ್ಲಿ ಆಗುತ್ತದೆ. ಹಲಗೆಗಳು ಕೋಳಿಗೂಡಿನ ಬಾಗಿಲಾದವು. ನಿಯಮವೊಂದು ಮಾತ್ರ ಈ ಹೆಂಗಸಿನ ಗಂಟಲಲ್ಲಿ ಉಳಿದಿದೆ.

"ನನ್ನ ಬಗ್ಗೆ ಬರೆಯೋದೇನಿದೆ?" ಎಂದು ಬರೆಯಲು ಬಂದವರಿಗೆ ಅವಳು ಮೊದಲೇ ಹೇಳಿಬಿಡುತ್ತಾಳೆ. "ಬಟ್ಟೆ ಕೊಳೆಯಾಗುತ್ತೆ, ಒಗೀತೀನಿ. ಮತ್ತೆ ಕೊಳೆಯಾಗುತ್ತೆ." ಆದರೂ ಊರವರಿಗೆ ಅವಳ ಗುರುತು ಬೇರೆಯೇ. ಅಂಗಡಿಯಲ್ಲಾಗಲಿ, ಚರ್ಚಿನ ಮೆಟ್ಟಿಲಲ್ಲಾಗಲಿ, ಹೊಸಬರಿಗೆ ಅವಳನ್ನು ತೋರಿಸಿ ಹೇಳುವುದು ಒಂದೇ ಮಾತು: ಇವಳ ಅಮ್ಮನೇ ಟೀವಿಯಲ್ಲಿ ಆ ದೊಡ್ಡ ಹಾಡು ಹಾಡಿದ ಶೋನಕ್.

ಆಗ ಅವರ ಹಳ್ಳಿಗೆಲ್ಲ ಇದ್ದದ್ದು ಒಂದೇ ಟೀವಿ, ಅಂಗಡಿಯ ಫಿನ್ಲೆಯ ಮನೆಯಲ್ಲಿ. ಶನಿವಾರ ಸಂಜೆ ಹಾಡಿನ ಹೊತ್ತಿಗೆ ಹೆಂಗಸರು ಏಪ್ರನ್ ಬಿಚ್ಚಿಟ್ಟು, ತಲೆ ಬಾಚಿಕೊಂಡೇ ಬರುವರು. ಗಾಜಿನ ಒಳಗಿನವರಿಗೆ ತಾವು ಕಾಣುತ್ತೇವೋ ಏನೋ ಎಂಬ ಅಳುಕು. ಫಿನ್ಲೆಯ ತಮ್ಮ ಸೂರಿನ ಮೇಲೆ ಆಂಟೆನಾ ಕಂಬ ತಿರುಗಿಸುತ್ತ ನಿಲ್ಲಬೇಕು, ಕೆಳಗಿನವರು "ಬಂತು, ಬಂತು... ಹೋಯ್ತಲ್ಲೋ, ಮೂದೇವಿ!" ಎಂದು ಕೂಗಬೇಕು. ಹಿಮ ಸುರಿದಂಥ ಪರದೆಯ ಆಚೆ ಎಣ್ಣೆ ಹಚ್ಚಿ ತಲೆ ಬಾಚಿದ ಗಾಯಕ, ಕುಣಿಯುವ ಬಿಳಿ ಲಂಗಗಳು, ಅಕಾರ್ಡಿಯನ್ನು, ಹಲಗೆಯಲ್ಲಿ ಮಾಡಿ ಬಣ್ಣ ಬಳಿದ ಗುಡಿಸಲು. "ಇಂಥ ಗುಡಿಸಲಲ್ಲಿ ನಮ್ಮ ಕುರಿನೂ ಮಲಗಲ್ಲ," ಎಂದು ಅಜ್ಜಿಯರು ನಗುವರು. ನಗುತ್ತಲೇ ಕಣ್ಣೊರೆಸಿಕೊಳ್ಳುವರು. ಮುಗಿದ ಕೂಡಲೇ ಫಿನ್ಲೆ ಟೀವಿ ಆರಿಸಿ ಮೇಲೊಂದು ಬಟ್ಟೆ ಹೊದಿಸುವನು. ಮರುದಿನ ಭಾನುವಾರ, ದೇವರ ಸಬ್ಬತ್ ದಿನ, ಅದರ ಮುಖವನ್ನೂ ನೋಡಕೂಡದು.

ಒಂದು ಚಳಿಗಾಲ, ಬಟ್ಟೆ ಬಡಿಯುವ ಹೆಂಗಸರೇ ಬೇಕೆಂದು ಗ್ಲಾಸ್ಗೋದ ಟೀವಿ ಕೇಂದ್ರದಿಂದ ಕರೆ ಬಂತು. ಶೋನಕ್ ಜತೆ ನೆರೆಯ ಹೆಂಗಸರು ಹೊರಟರು. ಕೈ ಸಾಲದೆಂದು ಹದಿನಾರರ ಎಫಿಯನ್ನೂ ಕರೆದೊಯ್ದರು. ಬಟ್ಟೆ ಅವರದೇ. ಎಫಿಯ ಅಣ್ಣ ರೂರಿಯ ಕೋಟಿಗೆಂದು ನೇಯ್ದದ್ದು, ಪದ್ಧತಿಯಂತೆ ಹಳೆಯ ಮೂತ್ರದಲ್ಲಿ ನೆನೆಸಿದ್ದು. "ದೀಪದ ಕಾವಿಗೆ ಅದು ನಾರೋಕೆ ಶುರುವಾಯ್ತು ನೋಡಿ," ಎಫಿ ಹೇಳುತ್ತಾಳೆ, "ಕ್ಯಾಮೆರಾದವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡ. ಕ್ಯಾಟ್ರಿಯೋನಾ ಚಿಕ್ಕಮ್ಮ, ಪಾಪ ಆ ಮಗುಗೆ ಹಲ್ಲುನೋವು ಅಂದ್ಲು."

ಮೇಲ್ವಿಚಾರಕ ಕೈ ಎತ್ತಿದ. ಇಡೀ ದೇಶ ಕೇಳುತ್ತಿದೆ ಎಂದುಕೊಂಡು ಶೋನಕ್ ತನ್ನ ತಾಯಿಯಿಂದ ಬಂದ ದೊಡ್ಡ ಹಾಡನ್ನೇ ಎತ್ತಿಕೊಂಡಳು. ಬೇರೆ ಯಾರಿಗೂ ಬಾರದ ಹಾಡು. ಸಾಲು ಅವಳದು, ನಡುನಡುವೆ ಎಲ್ಲರೂ ಎತ್ತುವ ಸೊಲ್ಲು ಉಳಿದವರದು. ಬಟ್ಟೆ ಕೈಯಿಂದ ಕೈಗೆ, ಸೂರ್ಯ ಸಾಗುವ ದಿಕ್ಕಿಗೇ ಹಲಗೆಯ ಸುತ್ತ ಹೋಯಿತು. ಮುಗಿದಾಗ ದೀಪ ಹಿಡಿದವರೂ ಚಪ್ಪಾಳೆ ತಟ್ಟಿದರು.

"ಬಹಳ ಚೆನ್ನಾಗಿತ್ತು," ಅಂದ ಮೇಲ್ವಿಚಾರಕ. "ಅಭ್ಯಾಸ ಮುಗೀತು. ಪ್ರಸಾರ ಶುರುವಾದಾಗ ಇದನ್ನೇ ಹೀಗೇ ಹಾಡಿಬಿಡಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಭ್ಯಾಸವೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ, ಹಾಡನ್ನು ಸುಮ್ಮನೆ ಹಾಡಿ ನೋಡುವುದು ಎಂದರೇನೆಂದು ಅವರಿಗೆ ತಿಳಿಯುತ್ತಿರಲಿಲ್ಲ.

"ಆಗಲ್ಲಪ್ಪ," ಅಂದಳು ಶೋನಕ್. "ಈ ಬಟ್ಟೆಗೆ ಆ ಹಾಡು ಆಗೋಯ್ತು. ಇದು ನನ್ನ ಮಗ ತೊಡೋದು."

ಮೇಲ್ವಿಚಾರಕ ಬೇಡಿಕೊಂಡ, ರೇಗಿದ, ಕೊನೆಗೆ ಹಾಸಿಗೆಯ ಮೇಲಿನ ಒಂದು ಕಂಬಳಿ ತರಿಸಿದ. ಶೋನಕ್ ಅದನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟಳು. "ಒಣಗಿದ ಬಟ್ಟೆಗೆ ಹಾಡೋದು ಹೆಣಕ್ಕೆ ಲಾಲಿ ಹಾಡಿದ ಹಾಗೆ."

ಹೀಗಾಗಿ ಪ್ರಸಾರವಾದದ್ದು ಚಪ್ಪಾಳೆಯ ಹಾಡು. ಬಡಿಯುವುದೆಲ್ಲ ಮುಗಿದ ಮೇಲೆ ಬಟ್ಟೆ ತಟ್ಟುತ್ತ, ಊರ ಹುಡುಗ ಹುಡುಗಿಯರ ಹೆಸರು ಜೋಡಿಸಿ ಗೇಲಿ ಮಾಡುವ ಪದ. ಶೋನಕ್ ಅದರಲ್ಲಿ ಮಗ ರೂರಿಯ ಹೆಸರಿಗೆ ನೆರೆಮನೆಯ ಮಾರ್ಸಲಿಯ ಹೆಸರು ಹೆಣೆದಳು. ಅತ್ತ ಫಿನ್ಲೆಯ ಮನೆಯಲ್ಲಿ ಅವರಿಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರಂತೆ. ಮನೆಯೆಲ್ಲ ಹೋ ಎಂದು ನಕ್ಕಿತಂತೆ. ರೂರಿಯ ಕಿವಿ ಕೆಂಪಾಯಿತಂತೆ.

ಆ ಬಟ್ಟೆ ಕೋಟಾಯಿತು. ವಸಂತ ಬರುವ ಮೊದಲೇ, ನಳ್ಳಿ ಹಿಡಿಯಲು ಕಡಲಲ್ಲಿ ಇಳಿಬಿಟ್ಟ ಬುಟ್ಟಿ ಎತ್ತಲು ರೂರಿ ಹೋದ ದೋಣಿ ಬರಿದಾಗಿ ದಡಕ್ಕೆ ಬಂತು. ರೂರಿ ಸಿಕ್ಕಿದ್ದು ಆಮೇಲೆ. ಗುರುತು ಹಿಡಿದದ್ದು ಕೋಟಿನಿಂದ.

"ಒಂದೇ ಸಲ ಹಾಡಿದ್ಲು ಅಮ್ಮ. ಒಂದೇ ಸಲ," ಎನ್ನುತ್ತಾಳೆ ಎಫಿ. ಹಾಸಿನ ಅಂಚು ಅವಳ ಬೆರಳಲ್ಲಿ ಮುದುಡುತ್ತದೆ. "ಆದ್ರೂ ಹೋದ."

ಶೋನಕ್ ಮತ್ತೆಂದೂ ಹಾಡಲು ಬಾಯಿ ತೆರೆಯಲಿಲ್ಲ. ಹಾಡನ್ನು ಕಲಿಸಲೂ ಇಲ್ಲ, ಎಫಿಗೆ ಕೇಳುವ ಧೈರ್ಯವೂ ಬರಲಿಲ್ಲ. ಅವಳಲ್ಲಿ ಉಳಿದದ್ದು ಸೊಲ್ಲು ಮಾತ್ರ. ಹಿ ರಿ ಹೋ ರೋ ಎಂಬ, ಅರ್ಥವಿಲ್ಲದ ಉಸಿರು. ಅದರ ನಡುವೆ ಸಾಲುಗಳಿದ್ದ ಜಾಗದಲ್ಲಿ ಈಗ ಗಾಳಿ. ಕೆಲವು ವರ್ಷದ ಹಿಂದೆ ಅವಳು ಗ್ಲಾಸ್ಗೋಗೆ ಫೋನು ಮಾಡಿಸಿದ್ದಳು. ಆ ಅಭ್ಯಾಸದ ಚೂರೋ, ಪ್ರಸಾರದ ಚೂರೋ, ಏನಾದರೂ ಇದೆಯೇ ಎಂದು. ಒಳ್ಳೆಯ ಹುಡುಗನೊಬ್ಬ ಹುಡುಕಿ ನೋಡಿ ಹೇಳಿದ: ಆಗೆಲ್ಲ ನೇರ ಪ್ರಸಾರ, ಅಮ್ಮ, ಹಿಡಿದಿಡುತ್ತಿರಲಿಲ್ಲ.

"ಹಾಡು ಬೇಡ, ಅಮ್ಮನ ಕೈ ಕಂಡಿದ್ರೂ ಸಾಕಿತ್ತು," ಎನ್ನುತ್ತಾಳೆ. ಅವಳ ಆಸೆ ಅಷ್ಟೇ ಇತ್ತು. ಈಗ ಅದೂ ಇಲ್ಲ.

ವಿಚಿತ್ರವೆಂದರೆ, ವರ್ಷ ಕಳೆದಂತೆ ಊರು ಆ ಚಪ್ಪಾಳೆಯ ಹಾಡನ್ನು ಮರೆಯಿತು. ಟೀವಿಯಲ್ಲಿ ದೊಡ್ಡ ಹಾಡೇ ಬಂದಿತ್ತೆಂದು ಒಬ್ಬರು ಅಂದರು, ಎಲ್ಲರೂ ತಲೆಯಾಡಿಸಿದರು. "ಸ್ವಲ್ಪ ದಿನಕ್ಕೇ ಸತ್ತುಹೋದವನ ಪಕ್ಕ ಕೂತು ಗೇಲಿ ಹಾಡಿಗೆ ನಕ್ಕಿದ್ವಿ ಅಂತ ಒಪ್ಪೋಕೆ ಯಾರಿಗೆ ಮನಸ್ಸು ಬರುತ್ತೆ?" ಎನ್ನುತ್ತಾಳೆ ಎಫಿ. ಅವಳೂ ಅಲ್ಲಗಳೆಯಲಿಲ್ಲ. ಹಲಗೆಯ ಸುತ್ತ ಕೂತಿದ್ದವರು ಒಬ್ಬೊಬ್ಬರಾಗಿ ಮಣ್ಣಾದರು. ಈಗ ನಿಜ ನೆನಪಿರುವವಳು ಇವಳೊಬ್ಬಳೇ.

ಒಗೆದ ಹಾಸುಗಳು ಬೆಚ್ಚಗೆ ಮಡಿಕೆಯಾದ ಮೇಲೆ ಎಫಿ ಗಾಡಿ ತಳ್ಳಿಕೊಂಡು ಹೊರಡುತ್ತಾಳೆ. ಕೊನೆಯ ಕೋಣೆ ಮಾರ್ಸಲಿಯದು. ಮದುವೆಯಾಗದೆ, ಶಾಲೆಯ ಅಡುಗೆಮನೆಯಲ್ಲಿ ದುಡಿದು, ಈಗ ಹೊಟ್ಟೆಯ ಗಡ್ಡೆಗೆ ಸೋತು ಇಲ್ಲಿ ಮಲಗಿದ್ದಾಳೆ. ದಾಖಲಾದ ದಿನದಿಂದ ಅವಳು ಕೇಳುತ್ತಿರುವುದು ಒಂದೇ, ಟೀವಿಯ ಹಾಡು. ಎಫಿ ಗಂಟಲು ಸರಿಯಿಲ್ಲ ಅಂದಿದ್ದಾಳೆ, ನಾಳೆ ಅಂದಿದ್ದಾಳೆ, ಕೆಲಸವಿದೆ ಅಂದಿದ್ದಾಳೆ. ನಿನ್ನೆ ತನ್ನ ಮನೆಯ ಅಡುಗೆಮನೆಯಲ್ಲಿ ಕೂತು ಸೊಲ್ಲುಗಳ ನಡುವೆ ಸಾಲು ಕಟ್ಟಲೂ ನೋಡಿದಳು. ತನ್ನದೇ ಕಿವಿಗೆ ಅದು ಟೀವಿಯ ಆ ಹಲಗೆಯ ಗುಡಿಸಲಿನಂತೆ ಕೇಳಿಸಿತು.

"ಬಂದ್ಯಾ ಒಗೆಯೋಳೇ," ಮಾರ್ಸಲಿ ಕಣ್ಣು ತೆರೆಯದೆ ಹೇಳುತ್ತಾಳೆ. "ಗಂಟಲು ಇವತ್ತೇನಂತೆ?"

"ಸುಮ್ನೆ ಮಲ್ಕೋ. ಹಾಸು ಬದಲಾಯಿಸ್ತೀನಿ."

"ನಾಳೆ ಅನ್ನಬೇಡ ಕಣೇ. ನಂಗೆ ನಾಳೆ ಇಲ್ಲ ಅಂತ ಡಾಕ್ಟರ ಮುಖ ನೋಡಿದ್ರೇ ಗೊತ್ತಾಗುತ್ತೆ. ನಿಮ್ಮಮ್ಮ ಆ ಹಾಡು ಹಾಡ್ತಿದ್ಲು, ರೂರಿ ನನ್ನ ಕೈ ಹಿಡ್ಕೊಂಡಿದ್ದ. ಅಷ್ಟೂ ಜನದ ನಡುವೆ. ಅದನ್ನ ಕೇಳಿಕೊಂಡು ಹೋಗ್ತೀನಿ. ಹಾಡೇ, ಪುಣ್ಯ ಬರುತ್ತೆ."

ಎಫಿ ಹಾಸಿನ ಒಂದು ತುದಿ ಹಿಡಿದು ನಿಂತಿದ್ದಾಳೆ. ಬಾಯಿ ತೆರೆಯುತ್ತಾಳೆ. ಸೊಲ್ಲು ಬರುತ್ತದೆ, ಹಿ ರಿ ಹೋ ರೋ. ಮಾರ್ಸಲಿಯ ಮುಖ ಅರಳುತ್ತದೆ, ಬೆರಳು ಹೊದಿಕೆಯ ಮೇಲೆ ತಾಳ ಹಾಕುತ್ತದೆ. ಸಾಲು ಬರಬೇಕಾದ ಜಾಗ ಬರುತ್ತದೆ. ಬೆರಳು ಕಾಯುತ್ತದೆ. ಎಫಿ ಹಾಸನ್ನು ಕೆಳಗಿಟ್ಟು ಮಂಚದ ಅಂಚಿಗೆ ಕೂರುತ್ತಾಳೆ.

"ಅವತ್ತು ಟೀವೀಲಿ ಬಂದದ್ದು ನಿಮ್ಮಿಬ್ಬರ ಹೆಸರು ಕಣೇ ಮಾರ್ಸಲಿ. ಆ ಹಾಡು ಬರಲೇ ಇಲ್ಲ. ಅದು ನಂಗೂ ಬರಲ್ಲ. ಹೋಯ್ತು."